ಸ್ವಿಚ್ ಹಾಕಿದ ಮೇಲೆ ಶಾಲೆಯ ನೆಟ್ಟೇ ನಿಂತಿದೆ: 12 ಕಂಪ್ಯೂಟರ್, ಎರಡು ಕಟ್ಟಡ

ಲ್ಯಾಬ್_ಹೊಸನಗರ:
ಫೈಬರ್ ಲೈನ್ (50 ಎಂಬಿಪಿಎಸ್) ಬರುವುದು ಶಾಲೆಯ ಆಫೀಸ್ ರೂಮಿಗೆ. ಅಲ್ಲಿನ ರೂಟರ್‌ಗೆ ನಾಲ್ಕೇ ಪೋರ್ಟ್. ಅಂಗಳದ ಮೇಲಿಂದ ಸುಮಾರು 60 ಮೀಟರ್ ಕ್ಯಾಟ್-6 ಎಳೆದು ಲ್ಯಾಬ್‌ಗೆ ತಂದಿದೆ. ಇಷ್ಟು ದಿನ ಆ ಕೇಬಲ್ ಹಳೆಯ ವೈಫೈ ರೂಟರ್‌ನ ವ್ಯಾನ್ ಪೋರ್ಟಿಗಿತ್ತು (ಹೊರಗಿನ ಲೈನ್ ಹಾಕುವ ಪೋರ್ಟ್), ನಾಲ್ಕು ಮೆಷಿನ್ ನಡೆಯುತ್ತಿದ್ದವು. ಈಗ 16 ಪೋರ್ಟಿನ ಗಿಗಾಬಿಟ್ ಸ್ವಿಚ್ ತಂದು ಎಲ್ಲವನ್ನೂ ಅದಕ್ಕೆ ಹಾಕಿದ್ದೇವೆ. ಹಳೇ ರೂಟರ್ ವೈಫೈಗೆಂದು ಉಳಿದಿದೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಆಫೀಸಿನ ನೆಟ್ಟೂ ಸೇರಿ ಎಲ್ಲ ಬಂದ್. ಕೆಲವು ಮೆಷಿನ್‌ನಲ್ಲಿ ಐಪಿ 192.168.0 ಸಾಲಿನದು, ಉಳಿದವುಗಳಲ್ಲಿ 169.254. ಆಫೀಸ್ ರೂಟರ್ 192.168.1.1. ಸ್ವಿಚ್ಚೇ ಕೆಟ್ಟದ್ದು ಬಂತೇ?

ತಂತಿ_ಸಾಗರ:
ಸ್ವಿಚ್ ವಾಪಸ್ ಕೊಡಬೇಡಿ ಸರ್. ಎರಡು ಪ್ರಶ್ನೆ. ನೆಟ್ ನಿಂತಾಗ ಸ್ವಿಚ್‌ನ ದೀಪಗಳೆಲ್ಲ ಒಟ್ಟೊಟ್ಟಿಗೆ ಪಟಪಟ ಮಿನುಗುತ್ತವೆಯೇ? ಹಳೇ ರೂಟರ್‌ನಿಂದ ಸ್ವಿಚ್‌ಗೆ ಎಷ್ಟು ಕೇಬಲ್, ಯಾವ ಪೋರ್ಟಿನಿಂದ? ಕೈಯಲ್ಲಿ ಹಿಡಿದು ಎರಡೂ ತುದಿವರೆಗೆ ನೋಡಿ ಹೇಳಿ.

ಲ್ಯಾಬ್_ಹೊಸನಗರ:
ದೀಪ ಹೌದು, ಎಲ್ಲವೂ ಒಂದೇ ತಾಳದಲ್ಲಿ. ಕೇಬಲ್ ಎರಡಿವೆ, ಎರಡೂ ಹಳದಿ ಲ್ಯಾನ್ ಪೋರ್ಟ್‌ಗಳಿಂದ (ಒಳಗಿನ ಮೆಷಿನ್‌ಗಳಿಗೆ ಇರುವವು). ಎರಡಿದ್ದರೆ ಸ್ಪೀಡ್ ಹೆಚ್ಚೆಂದು ಯಾರೋ ಹಾಕಿದ್ದಾರೆ.

ತಂತಿ_ಸಾಗರ:
ಹಾಗಾದರೆ ತೊಂದರೆ ಒಂದಲ್ಲ, ಎರಡು.

ಮೊದಲನೆಯದು ಲೂಪ್. ಬ್ರಾಡ್‌ಕಾಸ್ಟ್ ಪ್ಯಾಕೆಟ್, ಅಂದರೆ ಎಲ್ಲ ಮೆಷಿನ್‌ಗೂ ಹೋಗುವ ಸಂದೇಶ, ಒಂದು ಕೇಬಲ್‌ನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಅದನ್ನು ಹೊರುವ ಈಥರ್ನೆಟ್ ಫ್ರೇಮಿಗೆ ಆಯಸ್ಸು ಅಂತ ಇಲ್ಲ, ಸುತ್ತುತ್ತಲೇ ಇರುತ್ತದೆ. ಕಡಿಮೆ ಬೆಲೆಯ ಅನ್‌ಮ್ಯಾನೇಜ್ಡ್ (ಸೆಟ್ಟಿಂಗ್ ಇಲ್ಲದ) ಸ್ವಿಚ್‌ಗಳಲ್ಲಿ ಇದನ್ನು ಕಂಡುಹಿಡಿದು ಪೋರ್ಟ್ ಮುಚ್ಚುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕೇಬಲ್ ಈಗಲೇ ಕಿತ್ತುಬಿಡಿ, ದೀಪಗಳು ತಣ್ಣಗಾಗುತ್ತವೆ.

ಎರಡನೆಯದು ಹಳೇ ರೂಟರ್‌ನ ಡಿಎಚ್‌ಸಿಪಿ, ಅಂದರೆ ಮೆಷಿನ್‌ಗಳಿಗೆ ಐಪಿ ಹಂಚುವ ಏರ್ಪಾಡು. ವ್ಯಾನ್ ಪೋರ್ಟಿನಲ್ಲಿದ್ದಾಗ ಅದು ತನ್ನ ಹಿಂದಿನ ನಾಲ್ಕು ಮೆಷಿನ್‌ಗೆ ಮಾತ್ರ ಐಪಿ ಕೊಡುತ್ತಿತ್ತು. ಲ್ಯಾನ್ ಪೋರ್ಟಿಗೆ ಬಂದ ಮೇಲೆ ಇಡೀ ಶಾಲೆಗೆ ಹಂಚಲು ಕೂತಿದೆ. ಅದರಿಂದ ಐಪಿ ಪಡೆದ ಮೆಷಿನ್‌ಗೆ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಕೂಡ ಅದೇ, ಅದಕ್ಕೋ ಹೊರಗೆ ಹೋಗುವ ದಾರಿಯೇ ಇಲ್ಲ. 169.254 ಬಂದವು ಲೂಪಿನ ಗದ್ದಲದಲ್ಲಿ ಯಾರಿಂದಲೂ ಉತ್ತರ ಸಿಗದೆ ತಾವೇ ಐಪಿ ಹಾಕಿಕೊಂಡವು.

ಹಳೇ ರೂಟರನ್ನು ಸ್ವಿಚ್‌ನಿಂದ ಪೂರ್ತಿ ಬಿಡಿಸಿ ಒಂದೇ ಕಂಪ್ಯೂಟರ್‌ಗೆ ಜೋಡಿಸಿ. 192.168.0.1 ತೆರೆದು ಡಿಎಚ್‌ಸಿಪಿ ಆಫ್ ಮಾಡಿ ಸೇವ್ ಮಾಡಿ. ಆಮೇಲೆ ಅದರ ಲ್ಯಾನ್ ಐಪಿ 192.168.1.250 ಎಂದು ಬದಲಿಸಿ. ಆಫೀಸ್ ರೂಟರ್‌ನ ಡಿಎಚ್‌ಸಿಪಿ ಸಾಲನ್ನು 200ಕ್ಕೆ ನಿಲ್ಲಿಸಿದರೆ 250 ಬೇರೆಯವರಿಗೆ ಹೋಗುವುದಿಲ್ಲ. ಈಗ ಲ್ಯಾನ್ ಪೋರ್ಟಿನಿಂದ ಸ್ವಿಚ್‌ಗೆ ಒಂದೇ ಕೇಬಲ್. ವ್ಯಾನ್ ಪೋರ್ಟ್ ಖಾಲಿ ಇರಲಿ, ಮೇಲೆ ಟೇಪ್ ಅಂಟಿಸಿದರೆ ಇನ್ನೂ ಒಳ್ಳೆಯದು, ಮಕ್ಕಳ ಕೈ ಸುಮ್ಮನಿರಲ್ಲ. ಕೊನೆಗೆ ಎಲ್ಲ ಮೆಷಿನ್ ರೀಸ್ಟಾರ್ಟ್.

ಲ್ಯಾಬ್_ಹೊಸನಗರ:
ಬಂತು! ಹನ್ನೆರಡರಲ್ಲೂ 192.168.1 ಸಾಲಿನ ಐಪಿ. ಆದರೆ ಒಂದು ಮೆಷಿನ್ ಮಾತ್ರ ಲಿಂಕ್ ಸ್ಪೀಡ್ 100 ತೋರಿಸುತ್ತಿದೆ, ಉಳಿದವು 1000.

ತಂತಿ_ಸಾಗರ:
50ರ ಲೈನಿಗೆ 100 ಸಾಕು, ಆದರೆ ಸಾಮಾನ್ಯವಾಗಿ ಕ್ರಿಂಪ್ (ತುದಿಯ ಪ್ಲಗ್ಗಿಗೆ ತಂತಿ ಒತ್ತಿ ಕೂರಿಸುವುದು) ಸರಿಯಿಲ್ಲ ಎಂಬುದರ ಗುರುತು ಅದು. 100ಕ್ಕೆ 1, 2, 3, 6ನೇ ಪಿನ್ ಮುಟ್ಟಿದರೆ ಆಯ್ತು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಅಂದರೆ ನೀಲಿ ಅಥವಾ ಕಂದು ಜೋಡಿಯ ಯಾವುದೋ ತಂತಿ ಕೂತಿಲ್ಲ. ಮೊದಲು ಆ ಕೇಬಲನ್ನು ಬೇರೆ ಮೆಷಿನ್‌ಗೆ ಹಾಕಿ ನೋಡಿ. ಅಲ್ಲೂ 100 ಬಂದರೆ ಎರಡೂ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತಿರುವು ಬಿಚ್ಚುವುದು ಅರ್ಧ ಇಂಚಿಗಿಂತ ಹೆಚ್ಚಾಗಬಾರದು. ಒಂದು ತಂತಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಅದು ಬಾಳುವುದಿಲ್ಲ.

ಮಲೆನಾಡು_ಫೈಬರ್:
ಎಲ್ಲ ಸರಿ, ಆ ಅಂಗಳದ ಕೇಬಲ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! 60 ಮೀಟರ್ ದೂರ ತೊಂದರೆಯಲ್ಲ, ಮಿತಿ 100. ತೊಂದರೆ ಸಿಡಿಲು. ಮಿಂಚು ಮೇಲೆಯೇ ಹೊಡೆಯಬೇಕಿಲ್ಲ, ಹತ್ತಿರ ಬಿದ್ದರೂ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವ್ಯತ್ಯಾಸ ಬಂದು ಆ ತಾಮ್ರದಲ್ಲೇ ಹರಿಯುತ್ತದೆ. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಸ್ವಿಚ್ಚಿನ ಒಂದೊಂದೇ ಪೋರ್ಟ್ ಸಾಯುವುದು ಹೀಗೆ.

ಆ ಒಂದು ತುಂಡನ್ನು ಫೈಬರ್ ಮಾಡಿ. ಬೇಕಾದದ್ದು ಸುಮಾರು 75 ಮೀಟರ್ ಸಿಂಗಲ್ ಮೋಡ್ ಡ್ರಾಪ್ ಕೇಬಲ್, ಒಂದು ಜೊತೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿಗೆ ಬದಲಿಸುವ ಡಬ್ಬಿ). ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರ್‌ನಲ್ಲಿ ಎ ಮತ್ತು ಬಿ ಎಂದಿರುತ್ತದೆ: ಒಂದು 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ತಿರುಗುಮುರುಗು. ಎರಡೂ ಎ ತಂದರೆ ಲಿಂಕ್ ಬರುವುದೇ ಇಲ್ಲ. ತುದಿ ಜೋಡಿಸುವುದಕ್ಕೆ ನಿಮ್ಮೂರಿನ ಫೈಬರ್ ಲೈನ್‌ಮ್ಯಾನ್ ಹತ್ತಿರ ಸ್ಪ್ಲೈಸಿಂಗ್ ಮೆಷಿನ್ ಇರುತ್ತದೆ. ಡ್ರಾಪ್ ಕೇಬಲ್ ಜೊತೆಗಿರುವ ಉಕ್ಕಿನ ತಂತಿಯನ್ನು ಹೊರಗೋಡೆಯ ಕೊಕ್ಕೆಗೇ ಕಟ್ಟಿ ಕತ್ತರಿಸಿ, ಒಳಗೆ ತಂದರೆ ಫೈಬರ್ ಹಾಕಿದ್ದೂ ದಂಡ. ಗೋಡೆಯ ತೂತಿಗೆ ಮೊದಲು ಕೇಬಲನ್ನು ಕೆಳಕ್ಕೆ ಒಂದು ಬಾಗು ಬಿಟ್ಟು ಮೇಲಕ್ಕೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಲ್ಯಾಬ್_ಹೊಸನಗರ:
ಹಳೇ ಕ್ಯಾಟ್-6 ಸ್ಪೇರ್ ಆಗಿ ಹಾಗೇ ಇರಲಿ ಅಲ್ಲವೇ?

ಮಲೆನಾಡು_ಫೈಬರ್:
ಖಂಡಿತ ಬೇಡ. ಯಾರಾದರೂ ಎರಡೂ ಕಡೆ ಸಿಕ್ಕಿಸಿದರೆ ಸಿಡಿಲಿಗೂ ದಾರಿ, ಲೂಪೂ ಮತ್ತೆ ಶುರು. ಇಳಿಸಿ ಸುತ್ತಿಡಿ, ಲ್ಯಾಬಿನ ಒಳಗೆ ಕತ್ತರಿಸಿ ಬಳಸಬಹುದು. ಕರೆಂಟಿನ ಕಡೆಯಿಂದ ಸಿಡಿಲು ಬರುವುದನ್ನು ಫೈಬರ್ ತಡೆಯದು. ಸಂಜೆ ಬೀಗ ಹಾಕುವಾಗ ಸ್ವಿಚ್, ಕನ್ವರ್ಟರ್ ಎರಡರ ಪ್ಲಗ್ಗನ್ನೂ ಕಿತ್ತೇ ಹೋಗಿ, ಬರೀ ಬಟನ್ ಆಫ್ ಮಾಡಿದರೆ ಸಾಲದು.