ವಕೀಲರನ್ನು ಹುಡುಕುತ್ತಿರುವ ಬೀದರಿನ ತಂಗಿಗೆ, ಕಲಬುರಗಿಯಿಂದ

ಅಮೆರಿಕದಲ್ಲಿರುವ ನಮ್ಮ ಬೀದರಿನ ತಂಗಿಯೊಬ್ಬರು ನಿನ್ನೆ ಗುಂಪಿನಲ್ಲಿ ಕೇಳಿದ್ದರು: "ಮಗಳಿಗೆ 16 ತುಂಬ್ಯಾವ್ರಿ, ಎಚ್-4 ಮ್ಯಾಲ ಇದ್ದಾಳ. ಗ್ರೀನ್ ಕಾರ್ಡ್ ಬರೋದ್ರೊಳಗ 21 ಆದ್ರ ಏನ್ ಮಾಡೋದು? ಚಲೋ ಇಮಿಗ್ರೇಶನ್ ಲಾಯರ್ ಯಾರರ ಇದ್ರ ಹೇಳ್ರಿ." ಎಚ್-4 ಅಂದರೆ ಎಚ್-1ಬಿ ವೀಸಾ ಮೇಲೆ ಅಲ್ಲಿ ಕೆಲಸ ಮಾಡುವವರ ಮನೆಮಂದಿಗೆ ಕೊಡುವ ವೀಸಾ. 21 ಆದರೆ ಮಗಳು ಅದರಲ್ಲಿ ಇರುವ ಹಾಗಿಲ್ಲ, ಅದೇ ಅವರ ಚಿಂತೆ. ಕೆಳಗೆ ಸಾಲು ಸಾಲು ಉತ್ತರ ಬಂದಿವೆ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಅದರಲ್ಲಿ ಅರ್ಧ ಈಗ ನಡೆಯೋದಿಲ್ಲ.

ವಯಸ್ಸಿನ ಲೆಕ್ಕವನ್ನೇ ನೋಡಿ. ಗ್ರೀನ್ ಕಾರ್ಡಿನ ಸರದಿ ಎಲ್ಲಿಗೆ ಬಂತು ಅಂತ ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ಪ್ರತಿ ತಿಂಗಳು ಎರಡು ಪಟ್ಟಿ ಬರುತ್ತವೆ. ಮಕ್ಕಳ ವಯಸ್ಸು ಎಣಿಸಲು ಯಾವ ಪಟ್ಟಿ ಹಿಡಿಯಬೇಕು ಅನ್ನೋದನ್ನು ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ 2023ರ ಫೆಬ್ರವರಿಯಲ್ಲಿ ಮಕ್ಕಳಿಗೆ ಅನುಕೂಲ ಆಗುವಂತೆ ಬದಲಿಸಿತ್ತು. 2025ರ ಆಗಸ್ಟ್ 15ರಿಂದ ಹಾಕುವ ಅರ್ಜಿಗಳಿಗೆ ಮತ್ತೆ ಹಳೆಯ ಲೆಕ್ಕವೇ ಬಂದಿದೆ. 2023ರಲ್ಲಿ ತಮ್ಮ ಮಗನಿಗೆ ಆಗಿದ್ದನ್ನು ಒಬ್ಬ ಅಣ್ಣ ಬರೆದಿದ್ದಾರೆ. ಅವರು ಹೇಳಿದ್ದು ನಿಜ. ಆದರೆ ನಿಮ್ಮ ಮಗಳಿಗೆ ಅದು ಹೊಂದೋದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟು. ಒಮ್ಮೆಯಾದರೂ ಫೀಸು ಕೊಟ್ಟು, ನಿಮ್ಮವರೇ ಆದ ವಕೀಲರ ಮುಂದೆ ಮನೆಮಂದಿಯ ಕಾಗದವೆಲ್ಲ ಇಟ್ಟು ತೋರಿಸಿ.

"ಕಂಪನಿ ವಕೀಲರಿದ್ದಾರಲ್ಲ" ಅಂತ ನಾವೂ ಹನ್ನೊಂದು ವರ್ಷ ನಿಶ್ಚಿಂತೆಯಿಂದ ಇದ್ದೆವು. ಅವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ನಮ್ಮನೆಯವರ ಎಚ್-1ಬಿ, ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಪರ್ಮ್, ಐ-140 ಅರ್ಜಿ ಎಲ್ಲ ಸರಿಯಾಗಿ ಆಯಿತು. ಪರ್ಮ್‌ಗೆ ವಕೀಲರ ಫೀಸನ್ನು ಕಂಪನಿಯೇ ಕೊಡಬೇಕು ಅಂತ ನಿಯಮವಿದೆ, ಕೊಟ್ಟರು. ಆದರೆ ಮಗಳ ಕಾಗದ ತೆಗೆದು ನೋಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ನೋಡಿರಲಿಲ್ಲ.

ಹೋದ ವರ್ಷ ನಾವೇ ಬೇರೆ ವಕೀಲರನ್ನು ಹಿಡಿದೆವು. ಒಂದು ಗಂಟೆ ವಿಡಿಯೋ ಕಾಲ್. ಅದಕ್ಕೆ ಮೊದಲೇ ಎಲ್ಲರ ಪಾಸ್‌ಪೋರ್ಟ್, ಐ-797 (ಅರ್ಜಿ ಒಪ್ಪಿದ ನೋಟಿಸ್), ಐ-94 (ಅಲ್ಲಿ ಯಾವ ದಿನದ ತನಕ ಇರಬಹುದು ಅನ್ನೋ ದಾಖಲೆ) ಕಳಿಸಿ ಅಂದಿದ್ದರು. ಕಾಲ್ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಆಕೆ ಮಾತು ನಿಲ್ಲಿಸಿ ಕೇಳಿದರು: "ನಿಮ್ಮ ಮಗಳ ಐ-94 ದಿನಾಂಕ ನೋಡಿದ್ದೀರಾ?" ನಾವು ನೋಡಿರಲಿಲ್ಲ. ನಮ್ಮಿಬ್ಬರದಕ್ಕಿಂತ ಅವಳದು ಹದಿನೇಳು ತಿಂಗಳು ಮೊದಲೇ ಮುಗಿಯುತ್ತಿತ್ತು. ಉಳಿದಿದ್ದು 38 ದಿನ.

ಯಾಕೆ ಹೀಗಾಯಿತು ಅಂದರೆ, ನಮ್ಮ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ಇರುತ್ತದೆ. ಹಿಂದಿನ ಸಲ ಊರಿಂದ ವಾಪಸ್ ಹೋದಾಗ ಅವಳ ಪಾಸ್‌ಪೋರ್ಟ್ ಮುಗಿಯಲು ಬಂದಿತ್ತು. ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ಇರುವ ತನಕ ಮಾತ್ರ ಐ-94 ಕೊಟ್ಟಿದ್ದರು. ಆಮೇಲೆ ನಾವು ಪಾಸ್‌ಪೋರ್ಟ್ ಹೊಸದು ಮಾಡಿಸಿದೆವು, ಎಲ್ಲ ಸರಿಹೋಯಿತು ಅಂದುಕೊಂಡೆವು. ಹೊಸ ಪಾಸ್‌ಪೋರ್ಟ್ ಬಂದ ಮಾತ್ರಕ್ಕೆ ಐ-94 ಮುಂದೆ ಹೋಗೋದಿಲ್ಲ. ಆ ವಾರವೇ ವಕೀಲರು ಅವಧಿ ಮುಂದುವರಿಸಲು ಐ-539 ಅರ್ಜಿ ಹಾಕಿದರು. ಆ ರಾತ್ರಿ ಮಗಳು ಓದುತ್ತಾ ಕೂತಿದ್ದಳು, ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಇನ್ನು, ವಕೀಲರನ್ನು ಪರೀಕ್ಷಿಸೋದು ಹೇಗೆ? ಅದು ಕಷ್ಟವಲ್ಲ. ಅವರು ಅಮೆರಿಕದ ಯಾವುದಾದರೂ ಒಂದು ರಾಜ್ಯದ ಬಾರ್‌ನಲ್ಲಿ ಇರಬೇಕು. ಆ ಬಾರ್‌ನ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಇಮಿಗ್ರೇಶನ್ ಕೇಂದ್ರ ಸರ್ಕಾರದ ಕಾನೂನು, ಹಾಗಾಗಿ ನೀವು ಟೆಕ್ಸಾಸ್‌ನಲ್ಲಿದ್ದು ವಕೀಲರು ನ್ಯೂಜೆರ್ಸಿಯಲ್ಲಿದ್ದರೂ ನಡೆಯುತ್ತದೆ. ಎಐಎಲ್‌ಎ ಅನ್ನೋ ವಕೀಲರ ಸಂಘದ ಪಟ್ಟಿಯಲ್ಲೂ ಹುಡುಕಬಹುದು. ನಿಮ್ಮ ಕೇಸು ನಡೆಸುವ ವಕೀಲರು, ಇವರ ಪರ ವಕೀಲರು ನಾವೇ ಅಂತ ತಿಳಿಸುವ ಜಿ-28 ಅನ್ನೋ ಫಾರ್ಮ್‌ಗೆ ಸಹಿ ಹಾಕುತ್ತಾರೆ. "ಫಾರ್ಮ್ ನಾನೇ ತುಂಬ್ತೀನಿ, ನನ್ನ ಹೆಸರು ಬೇಡ" ಅನ್ನೋರ ಹತ್ತಿರ ಹೋಗಲೇಬೇಡಿ.

ನೋಟರಿ ವಿಷಯದಲ್ಲಿ ನಮ್ಮ ಕಡೆಯವರು ಜಾಸ್ತಿ ಮೋಸ ಹೋಗುತ್ತಾರೆ. ಕಲಬುರಗಿ ಕೋರ್ಟಿನ ಹತ್ತಿರ ನೋಟರಿ ಅಂದರೆ ಕರಿಕೋಟಿನ ವಕೀಲರೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನೋಟರಿ ಅಂದರೆ ಸಹಿಗೆ ಸಾಕ್ಷಿ, ಅಷ್ಟೇ. ಅವರು ಕಾನೂನು ಸಲಹೆ ಕೊಡುವ ಹಾಗಿಲ್ಲ. ದುಡ್ಡಿನ ತೊಂದರೆ ಇದ್ದರೆ ಅಮೆರಿಕದ ನ್ಯಾಯ ಇಲಾಖೆ ಮಾನ್ಯ ಮಾಡಿದ ಸೇವಾ ಸಂಸ್ಥೆಗಳಿವೆ. ಪಟ್ಟಿ ಇಲಾಖೆಯ ವೆಬ್‌ಸೈಟ್‌ನಲ್ಲೇ ಸಿಗುತ್ತದೆ.

ಈಗ ನಾನು ಕಲಬುರಗಿಯಲ್ಲಿ ಅವ್ವನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಂದಿದ್ದೂ ಇದೇ ಕೆಲಸಕ್ಕೆ. ಮುಂದೆ ನಮ್ಮ ಸರದಿ ಬಂದು ಗ್ರೀನ್ ಕಾರ್ಡಿನ ಐ-485 ಅರ್ಜಿ ಹಾಕುವಾಗ ನನ್ನ ಜನನ ಪ್ರಮಾಣಪತ್ರ ಬೇಕು. ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ, 1979ರಲ್ಲಿ, ಮನೆಯಲ್ಲೇ. ಸೂಲಗಿತ್ತಿ ಬಂದು ಹೆರಿಗೆ ಮಾಡಿಸಿದ್ದು. ಬರೆಸಿದವರು ಯಾರೂ ಇಲ್ಲ. ಹಾಗಿದ್ದರೆ ದಾಖಲೆ ಲಭ್ಯವಿಲ್ಲ ಅಂತ ಪತ್ರ ತಗೊಳ್ಳಿ, ಜೊತೆಗೆ ಹುಟ್ಟಿದ್ದು ಗೊತ್ತಿರುವ ಹಿರಿಯರ ಅಫಿಡವಿಟ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟುಕೊಳ್ಳಿ ಅಂತ ವಕೀಲರು ಹೇಳಿದ್ದಾರೆ.

ಮೊನ್ನೆ ಅವ್ವನನ್ನು ಕರಕೊಂಡು ಕೋರ್ಟಿನ ಹತ್ತಿರ ಹೋದೆ. ಟೈಪ್ ಮಾಡೋ ಹುಡುಗ ಅಂಕಪಟ್ಟಿ ನೋಡಿದ, ಜೂನ್ 1 ಅಂತ ಹೊಡೆದ. ಓದಿ ಹೇಳಿದಾಗ ಅವ್ವ ಅಂದಳು: "ಜೂನ್ ಎಲ್ಲಿದೋ ಯಪ್ಪಾ? ಆಕಿ ಹುಟ್ಟಿದ್ದು ಎಳ್ಳಮವಾಸಿ ಮರುದಿನ. ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದಿದ್ದೆ, ಬೆಳಗ್ಗೆ ಹುಟ್ಟಿದಳು." ನಮ್ಮ ಭಾಗದಲ್ಲಿ ಎಷ್ಟೋ ಜನರಿಗೆ ಶಾಲೆ ಮಾಸ್ತರರೇ ಜೂನ್ 1 ಬರೆದಿದ್ದಾರೆ. ನಿಮ್ಮ ಮನೆಯಲ್ಲೂ ಇರಬೇಕು, ಅಲ್ವಾ?

"ಸುಮ್ನೆ ಜೂನ್ ಒಂದೇ ಇರಲಿ ಬಿಡ್ರಿ ಅಕ್ಕಾರ, ಯಾರು ಕೇಳ್ತಾರ" ಅಂದ ಹುಡುಗ. ನಾನು ಒಪ್ಪಲಿಲ್ಲ. ರಾತ್ರಿ ವಕೀಲರಿಗೆ ಮೇಲ್ ಹಾಕಿ ಇದ್ದದ್ದು ಇದ್ದಂತೆ ಬರೆದೆ. ಉತ್ತರ ಬಂತು: ತಾಯಿಗೆ ಗೊತ್ತಿರುವುದನ್ನೇ ಬರೆಸಿ, ಶಾಲೆಯ ದಿನಾಂಕ ಹೇಗೆ ಬಂತು ಅನ್ನೋದನ್ನೂ ಅದರಲ್ಲೇ ಹೇಳಿ, ಯಾವುದನ್ನೂ ಮುಚ್ಚಿಡಬೇಡಿ. ಪ್ರಮಾಣ ಮಾಡಿ ಸುಳ್ಳು ಬರೆದರೆ ಮುಂದೆ ಎಲ್ಲದರ ಮೇಲೂ ಅನುಮಾನ ಬರುತ್ತದೆ ಅಂದರು. ನಿನ್ನೆ ಹೊಸದಾಗಿ ಟೈಪ್ ಮಾಡಿಸಿದೆವು. ಪೂರ್ತಿ ಓದಿಸಿ ಕೇಳಿಕೊಂಡ ಮೇಲೆಯೇ ಅವ್ವ ಹೆಬ್ಬೆಟ್ಟು ಒತ್ತಿದಳು. ನಾಳೆ ಸೋದರಮಾವನದು ಮಾಡಿಸಬೇಕು, ಆಮೇಲೆ ಆಳಂದದ ತಹಸೀಲ್ ಕಚೇರಿ.

ತಂಗೀ, ನಮ್ಮ ವಕೀಲರ ಹೆಸರನ್ನು ನಿಮಗೆ ಬೇರೆಯಾಗಿ ಕಳಿಸುತ್ತೇನೆ. ನೀವೂ ಬಾರ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ನಾನು ಹೇಳಿದೆ ಅಂತ ಹಾಗೇ ಹೋಗಬೇಡಿ. ಅದಕ್ಕೂ ಮೊದಲು ಇವತ್ತು ರಾತ್ರಿಯೇ ಅಮೆರಿಕದ ಗಡಿ ಇಲಾಖೆ ಸಿಬಿಪಿಯ ವೆಬ್‌ಸೈಟ್‌ಗೆ ಹೋಗಿ ಮಗಳ ಐ-94 ತೆಗೆಯಿರಿ. ಅದರ ದಿನಾಂಕ ಏನಿದೆ ಅಂತ ನನಗೆ ಬರೆಯಿರಿ.