ನಾಲಿಗೆ ಪಕ್ಕ ಹುಣ್ಣು, ನೋವಿಲ್ಲ, ಆದ್ರೂ ತೋರಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ, ನಮ್ಮ ಯಜಮಾನ್ರಿಗೆ 46 ವರ್ಷ, ನಾಲಿಗೆ ಎಡಗಡೆ ಅಂಚಲ್ಲಿ ಹುಣ್ಣಾಗಿ ತಿಂಗಳ ಮೇಲಾಯ್ತು. ಬಿ ಕಾಂಪ್ಲೆಕ್ಸ್ ತಗೊಂಡ್ರು, ಜೆಲ್ ಹಚ್ಚಿದ್ರು, ಏನೂ ಕಮ್ಮಿ ಆಗಿಲ್ಲ. ಕೇಳಿದ್ರೆ ನೋವೇ ಇಲ್ಲ ಬಿಡು, ಹಲ್ಲು ಚೂಪಾಗಿದೆ ಅದು ತಾಗ್ತಿದೆ ಅಷ್ಟೇ ಅಂತಾರೆ. ಸಿಗರೇಟ್ ಇದೆ, ಆಗಾಗ ಡ್ರಿಂಕ್ಸೂ ಇದೆ. ನಾನೇ ಸುಮ್ನೆ ಹೆದರ್ಕೊಂಡಿದೀನಾ?

ಉತ್ತರ (ಬಾಯಿ, ದವಡೆ ಸರ್ಜನ್): ಇಲ್ಲಮ್ಮ, ಸುಮ್ನೆ ಅಲ್ಲ. ಈ ವಾರಾನೇ ತೋರ್ಸಿ. ನೋವಿಲ್ಲ ಅಂತ ಸಮಾಧಾನ ಪಟ್ಕೊಳೋದೇ ಇಲ್ಲಿ ದೊಡ್ಡ ತೊಂದ್ರೆ. ಮಾಮೂಲಿ ಬಾಯಿ ಹುಣ್ಣು ಇದ್ಯಲ್ಲ, ಸಣ್ಣಕ್ಕೆ ಹಳದಿ ಬಿಳಿ, ಸುತ್ತ ಕೆಂಪಗೆ, ಅದು ಮುಟ್ಟಿದ್ರೆ ಜೀವ ಹೋಗೋ ಹಾಗೆ ಉರಿಯತ್ತೆ, ಆದ್ರೆ ಸಾಮಾನ್ಯವಾಗಿ ಒಂದು ವಾರ ಹತ್ತು ದಿನಕ್ಕೆಲ್ಲ ತಾನೇ ಮಾಯತ್ತೆ. ಕ್ಯಾನ್ಸರ್ ಹುಣ್ಣು ಎಷ್ಟೋ ಸಲ ಶುರುನಲ್ಲಿ ನೋಯೋದೇ ಇಲ್ಲ, ಮಾಯೋದೂ ಇಲ್ಲ, ಅಂಚು ಎದ್ದಿರತ್ತೆ, ಗ್ಲೌಸ್ ಹಾಕಿ ಬೆರಳಲ್ಲಿ ಒತ್ತಿದ್ರೆ ಬುಡ ಗಟ್ಟಿಯಾಗಿ ಸಿಗತ್ತೆ. ನಾಲಿಗೆ ಅಂಚು, ನಾಲಿಗೆ ಕೆಳಗಿನ ಜಾಗ ಇವೆರಡೂ ಇದಕ್ಕೆ ಮಾಮೂಲಿ ಜಾಗಗಳು. ಎರಡು ವಾರ ದಾಟಿದ ಯಾವ ಹುಣ್ಣೇ ಆಗ್ಲಿ ಡಾಕ್ಟ್ರು ಕಣ್ಣಿಗೆ ಬೀಳ್ಲೇಬೇಕು.

ಹಲ್ಲಿನ ವಿಷಯ, ಅದೂ ಇರಬಹುದು. ಡೆಂಟಿಸ್ಟ್ ಆ ಚೂಪು ತುದಿ ಉಜ್ಜಿ ನುಣ್ಣಗೆ ಮಾಡಿ ಎರಡು ವಾರ ಬಿಟ್ಟು ಮತ್ತೆ ನೋಡ್ತಾರೆ, ಆಗ್ಲೂ ಹಾಗೇ ಇದ್ರೆ ಬಯಾಪ್ಸಿ, ಅಂದ್ರೆ ಹುಣ್ಣಿಂದ ಚೂರು ತೆಗೆದು ಲ್ಯಾಬಲ್ಲಿ ಕ್ಯಾನ್ಸರ್ ಇದ್ಯಾ ಅಂತ ಪರೀಕ್ಷೆ ಮಾಡೋದು. ಬುಡ ಗಟ್ಟಿ ಸಿಕ್ರೆ ಮಾತ್ರ ನಾನಾದ್ರೆ ಕಾಯಲ್ಲ, ನೇರ ಬಯಾಪ್ಸಿನೇ. ಮತ್ತೆ ಸಿಗರೇಟ್ ಜೊತೆ ಆಲ್ಕೋಹಾಲ್ ಸೇರಿದ್ರೆ ರಿಸ್ಕ್ ಕೂಡೋದಲ್ಲ, ಗುಣಿಸ್ಕೊಂಡು ಹೋಗತ್ತೆ, ಇದನ್ನ ಅವರಿಗೆ ಹೇಳಿ. ಬಯ್ದು ಹೇಳ್ಬೇಡಿ, ಬಯ್ದ್ರೆ ಬರೋದನ್ನೇ ಮುಂದೆ ಹಾಕ್ತಾರೆ.

ಇನ್ನೊಬ್ಬರು: ಸರ್ ಬಯಾಪ್ಸಿ ಮಾಡಿದ್ರೆ ಗಾಯ ಕೆದಕಿ ಹರಡತ್ತೆ ಅಂತಾರಲ್ಲ?

ಉತ್ತರ: ಹರಡಲ್ಲ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಲ್ಲು ಕೀಳೋವಾಗ ಕೊಡ್ತಾರಲ್ಲ ಅದೇ ಥರ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿಂದ ಚೂರು ತೆಗೀತಾರೆ, ಬೇಕಿದ್ರೆ ಒಂದೆರಡು ಹೊಲಿಗೆ, ಅವತ್ತೇ ಮನೆಗೆ. ಇದಕ್ಕೆ ಹೆದರಿ ತಿಂಗಳುಗಟ್ಟಲೆ ಕೂತ್ರೆ ಕ್ಯಾನ್ಸರ್ ಕುತ್ತಿಗೆಯ ಲಿಂಫ್ ಗಂಟುಗಳಿಗೆ ಇಳಿಯಬಹುದು, ಆಮೇಲೆ ಆಪರೇಷನ್ ಜೊತೆ ರೇಡಿಯೇಷನ್, ಕೆಲವರಿಗೆ ಕೀಮೋನೂ ಬೇಕಾಗತ್ತೆ. ಮೊದಲ ಹಂತದಲ್ಲಿ ಸಿಕ್ರೆ ಎಷ್ಟೋ ಜನಕ್ಕೆ ಆಪರೇಷನ್ ಒಂದ್ರಲ್ಲೇ ಮುಗಿದು ಹೋಗತ್ತೆ.

ಮತ್ತೊಬ್ಬರು: ನಾನು ತಂಬಾಕು ಮುಟ್ಟಲ್ಲ, ಬರೀ ಅಡಿಕೆ ಜಗಿಯೋದು. ಇತ್ತೀಚೆಗೆ ಖಾರ ತಿಂದ್ರೆ ಬಾಯೆಲ್ಲ ಉರಿ, ಬಾಯಿ ದೊಡ್ಡದಾಗಿ ತೆರೆಯೋಕೂ ಆಗ್ತಿಲ್ಲ.

ಉತ್ತರ: ಅಡಿಕೆ ಒಂದೇ ಸಾಕು, ಅದೂ ಕ್ಯಾನ್ಸರ್ ತರತ್ತೆ. ನೀವು ಹೇಳ್ತಿರೋದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದ್ದ ಹಾಗಿದೆ, ಕೆನ್ನೆ ಒಳಗಿನ ಚರ್ಮ ಬೆಳ್ಳಗಾಗಿ ಗಟ್ಟಿ ಪಟ್ಟಿ ಥರ ಆಗ್ಬಿಡತ್ತೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ಮಧ್ಯೆ ತೂರತ್ತಾ ನೋಡಿ, ಎರಡೇ ಹೋದ್ರೆ ತಡ ಮಾಡ್ಬೇಡಿ. ಅಡಿಕೆ ಇವತ್ತೇ ನಿಲ್ಲಿಸ್ಬೇಕು, ಆಗಿರೋ ಬಿಗಿತ ಪೂರ್ತಿ ವಾಪಸ್ ಹೋಗೋದು ಕಷ್ಟ, ಆದ್ರೆ ಜಗಿತಾ ಇದ್ರೆ ಅದು ಹೆಚ್ಚಾಗ್ತಾನೇ ಹೋಗತ್ತೆ. ಬಿಟ್ಟ ಮೇಲೂ ಆಗಾಗ ಚೆಕಪ್ ತಪ್ಪಿಸ್ಬೇಡಿ.

ಅದೇ ವ್ಯಕ್ತಿ: ಮನೇಲೇ ನೋಡ್ಕೊಳೋದು ಹೇಗೆ ಸರ್?

ಉತ್ತರ: ತಿಂಗಳಿಗೊಂದು ಸಲ ಹಲ್ಲುಜ್ಜಿದ ಮೇಲೆ ಕನ್ನಡಿ ಮುಂದೆ ಟಾರ್ಚ್ ಹಿಡ್ಕೊಳ್ಳಿ. ತುಟಿ ಮಗುಚಿ, ಕೆನ್ನೆ ಎಳೆದು, ನಾಲಿಗೆ ತುದಿನ ಬಟ್ಟೇಲಿ ಹಿಡಿದು ಎರಡೂ ಪಕ್ಕಕ್ಕೆ ಎಳೆದು ನೋಡಿ, ಮೇಲಕ್ಕೆತ್ತಿ ಕೆಳಗೂ ನೋಡಿ. ಉಜ್ಜಿದ್ರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ (ಕೆಂಪಿನದ್ದು ಬಿಳಿಗಿಂತ ಅಪಾಯ), ಕಾರಣ ಇಲ್ದೆ ಅಲ್ಲಾಡೋ ಹಲ್ಲು, ತುಟಿ ಜೋಮು, ಕುತ್ತಿಗೇಲಿ ಗಂಟು, ಇದ್ರಲ್ಲಿ ಒಂದು ಕಂಡ್ರೂ ತೋರ್ಸಿ.

ಮೊದಲು ಕೇಳಿದವರು: ಸರ್ ಅವರು ಮುಂದಿನ ತಿಂಗಳು ನೋಡೋಣ ಅಂತಿದಾರೆ, ಫೋಟೋ ಕಳ್ಸಿದ್ರೆ ನೀವು ಹೇಳ್ತೀರಾ?

ಉತ್ತರ: ಫೋಟೋದಲ್ಲಿ ಗಟ್ಟಿ ಇದೆಯಾ ಮೆತ್ತಗಿದೆಯಾ ಗೊತ್ತಾಗಲ್ಲಮ್ಮ, ಮುಟ್ಟಿ ನೋಡ್ಲೇಬೇಕು. ಚೂಪು ಹಲ್ಲು ಉಜ್ಜಿಸ್ಕೊಂಡು ಬರೋಣ ಬನ್ನಿ ಅಂತ ಹೇಳಿ ಕರ್ಕೊಂಡು ಹೋಗಿ, ಹುಣ್ಣಿನ ವಿಷಯ ಡೆಂಟಿಸ್ಟ್‌ಗೆ ನೀವೇ ಮೊದಲು ಹೇಳ್ಬಿಡಿ.