ಪದ ಬೇಕು (ತುರ್ತು): ಆಫ್‌ರೋಡ್ ಬೈಕಿನ 'ಆಯಿಲ್ ಚೇಂಜ್'ಗೆ ಬೋರ್ಡಿನಲ್ಲಿ ಏನಂತ ಬರೆಯುವುದು?

ಘಾಟಿ ಸವಾರ, ಮಂಗಳವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡಿಗೆ ಪದ ಬೇಕು. ಪೇಂಟರ್ ಗುರುವಾರ ಬೆಳಗ್ಗೆ ಬರುತ್ತಾನೆ. ದಯವಿಟ್ಟು ಬೇಗ ಹೇಳಿ.

ಸಕಲೇಶಪುರದ ಹತ್ತಿರ ನನ್ನ ಗೆಳೆಯನದೊಂದು ಸಣ್ಣ ಗ್ಯಾರೇಜ್ ಇದೆ. ಬಿಸಿಲೆ ಕಡೆ ಮಣ್ಣುದಾರಿ ಸುತ್ತಲು ಬರುವ ಹುಡುಗರ ಎಕ್ಸ್‌ಪಲ್ಸ್, ಹಿಮಾಲಯನ್ ಗಾಡಿಗಳೇ ಅವನಿಗೆ ಜಾಸ್ತಿ. ಹಳೇ ಬೋರ್ಡು ಪೂರ್ತಿ ಇಂಗ್ಲಿಷಿನಲ್ಲಿತ್ತು. 2024ರ ತಿದ್ದುಪಡಿ ಬಂದ ಮೇಲೆ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕಲ್ಲ, ಅದೂ ಮೇಲ್ಭಾಗದಲ್ಲಿ. ಇವನು ಇಷ್ಟು ದಿನ ಮುಂದೂಡಿ ಈಗ ನನ್ನ ಕುತ್ತಿಗೆ ಹಿಡಿದಿದ್ದಾನೆ.

ಹಳೇ ಸಾಲು: 'ಅಫೋರ್ಡಬಲ್ ರೊಟೀನ್ ಆಯಿಲ್ ಚೇಂಜ್ ಫಾರ್ ಆಫ್‌ರೋಡ್ ಮೋಟಾರ್‌ಸೈಕಲ್ಸ್'.

ನಾನು ಮಾಡಿದ್ದು: 'ಆಫ್‌ರೋಡ್ ಬೈಕುಗಳಿಗೆ ಕೈಗೆಟುಕುವ ದರದಲ್ಲಿ ನಿಯಮಿತ ಎಂಜಿನ್ ತೈಲ ಬದಲಾವಣೆ'.

ಗೆಳೆಯ ಓದಿ "ಇದೇನು ಟೆಂಡರ್ ನೋಟೀಸಾ?" ಅಂದ. ಬೋರ್ಡು ಎಂಟಡಿ ಅಗಲ. ಗಾಡಿ ಓಡಿಸುತ್ತಲೇ ಓದುವಂತಿರಬೇಕು.

—

ಹಳಗನ್ನಡದ ಹುಚ್ಚ, ಮಂಗಳವಾರ ಬೆಳಗ್ಗೆ

'ತೈಲ ಬದಲಾವಣೆ' ಕಿವಿಗೆ ಹಿಂಸೆ. ತೈಲ ಸಂಸ್ಕೃತ. ಬದಲು ಅರಬ್ಬಿಯ 'ಬದಲ್'. ಎರಡನ್ನೂ ಒಟ್ಟಿಗೆ ಕಟ್ಟಿ, ಮೇಲೆ ಎಂಜಿನ್ ಎಂಬ ಇಂಗ್ಲಿಷ್ ಪೇಟ ಸುತ್ತಿದ್ದೀರಿ. ಸಂಸ್ಕೃತ, ಕನ್ನಡ ಪದಗಳನ್ನು ಕೂಡಿಸುವ ಅರಿಸಮಾಸ ಬೇಡವೆಂದು ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಹೇಳಿದ್ದ. ಇದನ್ನು ನೋಡಿದ್ದರೆ ಸೂತ್ರ ಬರೆಯುವುದನ್ನೇ ಬಿಡುತ್ತಿದ್ದ.

ನಮ್ಮ ಪದ ಎಣ್ಣೆ. ಎಳ್ (ಎಳ್ಳು) + ನೆಯ್ (ಜಿಡ್ಡು). ಬೆಳ್ + ನೆಯ್ ಬೆಣ್ಣೆ ಆದ ಹಾಗೆ. ಇಷ್ಟು ಚೆಂದದ ಪದ ಮನೆಯಲ್ಲಿ ಇಟ್ಟುಕೊಂಡು ಬೀದಿಯಲ್ಲಿ ಸಾಲ ಕೇಳುವುದೇಕೆ? 'ಕೈಗೆಟುಕುವ' ಜಾಹೀರಾತಿನ ಕನ್ನಡ. 'ಅಗ್ಗ' ಎಂಬ ಅಚ್ಚಗನ್ನಡ ಪದ ಇದೆ.

'ಅಗ್ಗದ ಎಣ್ಣೆ ಮಾರ್ಪಾಟು'. ಮೂರೇ ಪದ. ಮುಗಿಯಿತು.

—

ಗ್ಯಾರೇಜ್ ಮಗ, ಮಂಗಳವಾರ ಮಧ್ಯಾಹ್ನ

ಸರ್, ಹೆದ್ದಾರಿ ಪಕ್ಕ 'ಅಗ್ಗದ ಎಣ್ಣೆ' ಎಂದು ಬೋರ್ಡು ಹಾಕಿದರೆ ಸಂಜೆ ಆರಕ್ಕೆ ಕ್ಯೂ ನಿಲ್ಲುತ್ತದೆ. ಅವರಲ್ಲಿ ಅರ್ಧ ಜನ ಗಾಡಿಯನ್ನೇ ತಂದಿರುವುದಿಲ್ಲ. ಮರುದಿನ ಅಬಕಾರಿಯವರೂ ಬರುತ್ತಾರೆ.

ಇನ್ನು 'ಮಾರ್ಪಾಟು'. ಎಣ್ಣೆ ಮಾರ್ಪಾಟು ಅಂದರೆ ಎಣ್ಣೆಯನ್ನೇ ಬೇರೆ ಥರ ಮಾಡುವುದು. ಇಲ್ಲಿ ಆಗುವುದು ಅದಲ್ಲ. ಎಂಜಿನ್ ಸ್ವಲ್ಪ ಬಿಸಿ ಮಾಡಿ, ಕೆಳಗಿನ ಬೋಲ್ಟ್ ಬಿಚ್ಚಿ ಹಳೇದನ್ನು ಇಳಿಸುತ್ತೇವೆ. ವಾಷರ್ ಹೊಸದು ಹಾಕುತ್ತೇವೆ. ಫಿಲ್ಟರ್ ನೋಡುತ್ತೇವೆ. ಆಮೇಲೆ ಹೊಸ ಆಯಿಲ್.

ನಮ್ಮ ಅಪ್ಪನ ಗ್ಯಾರೇಜಿಗೆ ಬಂದವರು ಹೇಳುತ್ತಿದ್ದುದು ಎರಡೇ ಮಾತು. 'ಆಯಿಲ್ ಚೇಂಜ್ ಮಾಡಿ', ಇಲ್ಲಾ 'ಆಯಿಲ್ ಹಾಕಿ'. ಎರಡನೆಯದರಲ್ಲಿ ಗೊಂದಲ ಇತ್ತು. ಕಡಿಮೆ ಆಗಿದ್ದಕ್ಕೆ ಮೇಲಿಂದ ತುಂಬಿಸಿ ಅನ್ನುವವರೂ ಹಾಗೇ ಹೇಳುತ್ತಿದ್ದರು. ಅದಕ್ಕೆ ಅಪ್ಪ ಯಾವಾಗಲೂ "ಇಳಿಸಿ ಹಾಕಲಾ, ಸುಮ್ನೆ ಮೇಲೆ ಹಾಕಲಾ?" ಎಂದು ಕೇಳುತ್ತಿದ್ದರು. ವ್ಯಾಕರಣ ಓದಿದವರಲ್ಲ, ಆದರೆ ಅರ್ಥ ಎಲ್ಲಿ ಸೋರುತ್ತದೆ ಅನ್ನುವುದು ಗೊತ್ತಿತ್ತು.

—

ಎಲ್ಲರ ನುಡಿ, ಮಂಗಳವಾರ ಮಧ್ಯಾಹ್ನ

ಇಬ್ಬರೂ ತಪ್ಪು. 'ಎಣ್ಣೆ' ಅಂದರೆ ಅಡುಗೆಯದು, ತಲೆಗೆ ಹಚ್ಚುವುದು. ಯಂತ್ರಕ್ಕೆ ನಮ್ಮಲ್ಲಿ ಬೇರೆ ಪದವೇ ಇದೆ: ಕೀಲೆಣ್ಣೆ. ಎತ್ತಿನ ಗಾಡಿಯ ಕೀಲಿಗೆ ಹಾಕುತ್ತಿದ್ದುದು. ಬಯ್ಕೂ ಗಾಡಿಯೇ. 'ಕೀಲೆಣ್ಣೆ ಹೊಸತು' ಎಂದು ಬರೆಯಿರಿ. ಬಾಶೆ ಬೆಳೆಯುವುದು ಹೀಗೆ. ಸಂಸ್ಕ್ರುತವೂ ಬೇಡ, ಇಂಗ್ಲಿಶೂ ಬೇಡ.

—

ಹಳಗನ್ನಡದ ಹುಚ್ಚ

> ಬಾಶೆ ಬೆಳೆಯುವುದು ಹೀಗೆ

ಮೊದಲು ಭಾಷೆಗೆ ಅದರ ಮಹಾಪ್ರಾಣದ ಹೊಟ್ಟೆ ವಾಪಸ್ ಕೊಡಿ. ಆಮೇಲೆ ಬೆಳೆಯಲಿ.

—

ಹಾಸನದ ಮೇಷ್ಟ್ರಮ್ಮ, ಮಂಗಳವಾರ ಸಂಜೆ

ಕೀಲೆಣ್ಣೆ ಎಂದಾಗ ನಮ್ಮ ತಾತನ ಗಾಡಿ ನೆನಪಾಯಿತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು. ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಅದು ನೇತಾಡುತ್ತಿತ್ತು. ಲಂಗಕ್ಕೆ ತಾಗಿದರೆ ಸಾಯುವವರೆಗೂ ಹೋಗುತ್ತಿರಲಿಲ್ಲ. ಅಜ್ಜಿಯ ಬೈಗುಳವೂ ಅಷ್ಟೇ ಗಟ್ಟಿ.

ಒಂದು ಮಜಾ ಹೇಳುತ್ತೇನೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದಿದ್ದೂ ಹರಳೆಣ್ಣೆಯಿಂದಲೇ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಮೋಟಾರಿನ ಎಣ್ಣೆಗೆ ಹರಳೆಣ್ಣೆ ಬೆರೆಸಿತು. ಹರಳೆಣ್ಣೆಯ ಇಂಗ್ಲಿಷ್ ಹೆಸರನ್ನೇ ತಿರುಚಿ ಮಾಲಿಗೆ ಹೆಸರಿಟ್ಟಿತು. ತಾತನ ಗಾಡಿಗೂ ಆಗಿನ ಮೋಟಾರಿಗೂ ಒಂದೇ ಗಿಡದ ಕಾಯಿ!

ಹುಚ್ಚರ ಎಳ್ + ನೆಯ್ ಸರಿಯೇ. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ರಾಯರೇ. ತೈಲ ಬಂದಿದ್ದು ತಿಲದಿಂದ, ಅದೂ ಎಳ್ಳೇ. ಇಂಗ್ಲಿಷಿನ ಆಯಿಲ್ ಹಿಂದೆ ಹೋದರೆ ಆಲಿವ್ ಕಾಯಿ ಸಿಗುತ್ತದೆ. ಮೂರೂ ಭಾಷೆಯವರು ಮೊದಲು ಹಿಂಡಿದ ಕಾಯಿಯ ಹೆಸರಿಟ್ಟರು, ಆಮೇಲೆ ಕಾಯಿಯನ್ನೇ ಮರೆತರು. ಕೊಬ್ಬರಿ ಎಣ್ಣೆ ಅನ್ನುವಾಗ ಯಾರಾದರೂ ಎಳ್ಳು ಹುಡುಕುತ್ತಾರಾ?

ಆದರೆ ಕೀಲೆಣ್ಣೆ ಬೋರ್ಡಿಗೆ ಆಗುವುದಿಲ್ಲ. ಓದಿದವರು ಚೈನಿಗೆ ಹಾಕುವುದು ಅಂದುಕೊಳ್ಳುತ್ತಾರೆ.

—

ಘಾಟಿ ಸವಾರ, ಮಂಗಳವಾರ ರಾತ್ರಿ

ಮೇಡಂ, ಗೆಳೆಯನೂ ಅದನ್ನೇ ಹೇಳಿದ. ಅವನ ಮಾತನ್ನು ಹಾಗೇ ಹಾಕುತ್ತೇನೆ, ಪದ ಆರಿಸಲು ಉಪಯೋಗ ಆಗಬಹುದು.

ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಆಯಿಲ್. ಕ್ಲಚ್ಚಿನ ಪ್ಲೇಟುಗಳು ಅದರಲ್ಲೇ ನೆನೆದಿರುತ್ತವೆ. ಹಾಗಾಗಿ ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಭಯ. ಡಬ್ಬದ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' (ಇಂಥ ನೆನೆದ ಕ್ಲಚ್ಚಿಗೆ ಹೊಂದುವ ಆಯಿಲ್ ಎಂಬ ಗುರುತು) ಇದೆಯಾ ನೋಡಬೇಕು. ಆಯಿಲ್ ಎಷ್ಟು ಮಂದ ಅನ್ನುವುದಕ್ಕೂ ನಂಬರ್ ಇದೆ: ಎಕ್ಸ್‌ಪಲ್ಸಿಗೆ 10ಡಬ್ಲ್ಯೂ-30, ಒಂದು ಲೀಟರ್ ಚಿಲ್ಲರೆ. ಹಿಮಾಲಯನ್ 411ಕ್ಕೆ 15ಡಬ್ಲ್ಯೂ-50, ಎರಡು ಲೀಟರ್ ಹತ್ತಿರ.

ಮಣ್ಣುದಾರಿಯವರಿಗೆ ಕಷ್ಟ ಜಾಸ್ತಿ. ಮೊದಲ ಗೇರಿನಲ್ಲಿ, ಕ್ಲಚ್ ಹಿಡಿದು ಬಿಟ್ಟು ಗಂಟೆಗಟ್ಟಲೆ ಏರುತ್ತಾರೆ. ಎಂಜಿನ್ ಕಾಯುತ್ತದೆ, ಮೀಟರಿನಲ್ಲಿ ಕಿಲೋಮೀಟರ್ ಮಾತ್ರ ಏರುವುದಿಲ್ಲ. ಅದಕ್ಕೇ ರೇಸಿನ ಡರ್ಟ್ ಬೈಕಿನವರು ಆಯಿಲ್ ಇಳಿಸಲು ಗಂಟೆ ಲೆಕ್ಕ ಇಡುತ್ತಾರೆ. ಹಳ್ಳ ದಾಟುವಾಗ ನೀರು ಒಳಗೆ ಹೋದರಂತೂ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ಯಾವ ಲೆಕ್ಕವೂ ಇಲ್ಲ, ತಕ್ಷಣ ಇಳಿಸಬೇಕು.

ಈಗ ನನ್ನ ನಿಜವಾದ ತೊಂದರೆ. ಗೆಳೆಯ ಕೇಳುತ್ತಾನೆ: "ನನ್ನ ಆಯಿಲ್ ಅಗ್ಗದ್ದಲ್ಲ. ಕಂಪನಿ ಹೇಳಿದ್ದನ್ನೇ ಹಾಕುತ್ತೇನೆ, ಡಬ್ಬ ಗಿರಾಕಿ ಎದುರಿಗೇ ಒಡೆಯುತ್ತೇನೆ. ಖಾಲಿ ಡಬ್ಬಕ್ಕೆ ತೂತು ಹೊಡೆದು ಎಸೆಯುತ್ತೇನೆ, ಯಾರೂ ಕಲಬೆರಕೆ ತುಂಬಿ ಮಾರಬಾರದೆಂದು. ಕಡಿಮೆ ಇರುವುದು ನನ್ನ ಕೂಲಿ. ನೀನು ಅಗ್ಗದ ಆಯಿಲ್ ಎಂದು ಬರೆದರೆ ನನ್ನ ಮರ್ಯಾದೆ ಏನಾಗಬೇಕು?"

—

ಗ್ಯಾರೇಜ್ ಮಗ

ಗೆಳೆಯನಿಗೆ ನನ್ನ ಸಲಾಂ ತಿಳಿಸಿ.

—

ಕಾವೇರಿ ತೀರ, ಬುಧವಾರ ಬೆಳಗ್ಗೆ

ಇದು ಪದದ ಪ್ರಶ್ನೆಯಲ್ಲ, ಜಾಗದ ಪ್ರಶ್ನೆ. 'ಅಗ್ಗದ' ಅನ್ನುವುದು ಪಕ್ಕದಲ್ಲಿರುವ ನಾಮಪದಕ್ಕೆ ಅಂಟಿಕೊಳ್ಳುತ್ತದೆ. 'ಅಗ್ಗದ ಆಯಿಲ್ ಬದಲಿ' ಓದಿದವನಿಗೆ ಅಗ್ಗ ಆಗುವುದು ಆಯಿಲ್ಲೇ. ಬದಲಿ ಅಗ್ಗ ಎಂದು ಯಾರೂ ಓದುವುದಿಲ್ಲ. ಇಂಗ್ಲಿಷಿನ ಸಾಲಿನಲ್ಲಿ ಎಲ್ಲ ವಿಶೇಷಣಗಳನ್ನೂ ಮುಂದೆ ಪೇರಿಸಿದ್ದಾರೆ. ಅದನ್ನು ಹಾಗೇ ತಂದರೆ ಕನ್ನಡದಲ್ಲಿ ಸರಪಳಿ ಆಗುತ್ತದೆ. ಎರಡು ತುಂಡು ಮಾಡಿ. ಕೆಲಸ ಒಂದು ಸಾಲು, ದುಡ್ಡಿನ ಮಾತು ಇನ್ನೊಂದು ಸಾಲು.

'ನಿಯಮಿತ' ಕಿತ್ತುಹಾಕಿ. ಆಯಿಲ್ ಬದಲಿಸುವುದು ಯಾವಾಗಲೂ ಮತ್ತೆ ಮತ್ತೆ ಮಾಡುವ ಕೆಲಸವೇ. ನಿಯಮಿತ ಕ್ಷೌರ ಎಂದು ಯಾವ ಅಂಗಡಿಯಲ್ಲಿ ಬರೆದಿದ್ದಾರೆ?

ಅಂದಹಾಗೆ, ಹುಚ್ಚರು ಅಚ್ಚಗನ್ನಡ ಎಂದ 'ಅಗ್ಗ' ಸಂಸ್ಕೃತ 'ಅರ್ಘ'ದ ತದ್ಭವ. ಅರ್ಘ ಎಂದರೆ ಬೆಲೆ.

—

ಹಳಗನ್ನಡದ ಹುಚ್ಚ, ಬುಧವಾರ ಬೆಳಗ್ಗೆ

ತದ್ಭವ ಆದಮೇಲೆ ಅದು ಕನ್ನಡವೇ. ಸೊಸೆ ಮನೆಗೆ ಬಂದು ಸಾವಿರ ವರ್ಷ ಆದಮೇಲೆ ತವರು ಕೇಳಬಾರದು.

—

ಗ್ಯಾರೇಜ್ ಮಗ

ಹಾಗಾದರೆ ಆಯಿಲ್ ಯಾವಾಗ ಸೊಸೆ ಆಗುತ್ತಾಳೆ ಸರ್? ನಮ್ಮ ಗ್ಯಾರೇಜಿಗೆ ಬಂದು ಮೂರು ತಲೆಮಾರು ಆಯಿತು.

—

ಹಳಗನ್ನಡದ ಹುಚ್ಚ, ಬುಧವಾರ ಬೆಳಗ್ಗೆ

ಅವಳು ಸೊಸೆಯಲ್ಲ. ಇರುವವಳನ್ನು ಹೊರಗೆ ಹಾಕಲು ಬಂದವಳು. ಸಾಲದ ಪದ ಇಲ್ಲದ ಜಾಗಕ್ಕೆ ಬಂದರೆ ನನ್ನ ತಕರಾರಿಲ್ಲ. ಕ್ಲಚ್ಚಿಗೆ ಕನ್ನಡ ಹುಡುಕಿ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ಎಣ್ಣೆ ಇದೆ. ಇದ್ದೂ ಆಯಿಲ್ ಅನ್ನುವುದು ಸೋಮಾರಿತನ. ಸೀಮೆಎಣ್ಣೆ ಬಂದಾಗ ನಮ್ಮ ಹಿಂದಿನವರು ಇಂಗ್ಲಿಷ್ ಹೆಸರನ್ನು ಬಾಯಿಪಾಠ ಮಾಡಿದರಾ? 'ಸೀಮೆ' ಸೇರಿಸಿದರು, ಒಳಗೆ ಕರೆದುಕೊಂಡರು. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಆ ಧೈರ್ಯ ಈಗ ಎಲ್ಲಿ ಹೋಯಿತು?

—

ಹಾಸನದ ಮೇಷ್ಟ್ರಮ್ಮ, ಬುಧವಾರ ಮಧ್ಯಾಹ್ನ

ಸೀಮೆಎಣ್ಣೆ ಮಾತು ಒಪ್ಪಿದೆ. ಅದಕ್ಕೆ ಸಮಿತಿ ಕೂರಲಿಲ್ಲ, ಅಂಗಡಿಯಲ್ಲೇ ಹುಟ್ಟಿತು. ಆದರೆ ಅದೇ ಅಂಗಡಿ ಈಗ ಬೇರೆ ಕೆಲಸ ಮಾಡಿದೆ. ಎಣ್ಣೆ ಒಲೆಯ ಹತ್ತಿರ ಉಳಿಯಿತು, ಆಯಿಲ್ ಗಾಡಿಗೆ ಹೋಯಿತು. ಇದು ಸೋಮಾರಿತನ ಅಲ್ಲ, ಪಾಲು. ಒಂದೇ ಅರ್ಥದ ಎರಡು ಪದ ಒಂದೇ ಮನೆಯಲ್ಲಿ ಸುಮ್ನೆ ಕೂರುವುದಿಲ್ಲ, ಕೆಲಸ ಹಂಚಿಕೊಳ್ಳುತ್ತವೆ. ನನ್ನ ಕ್ಲಾಸಿನ ಯಾವ ಮಗುವೂ ಆಯಿಲ್‌ನಲ್ಲಿ ಪೂರಿ ಕರಿದರು ಎನ್ನುವುದಿಲ್ಲ.

—

ಎಲ್ಲರ ನುಡಿ

ಪಾಮಾಯಿಲ್?

—

ಹಾಸನದ ಮೇಷ್ಟ್ರಮ್ಮ

ಅದು ರೇಷನ್ ಅಂಗಡಿಯ ಅಪವಾದ. ಸರಿ, ಒಪ್ಪಿದೆ. ಒಂದು ಪಾಯಿಂಟ್ ನಿಮಗೆ.

—

ಘಾಟಿ ಸವಾರ, ಬುಧವಾರ ಮಧ್ಯಾಹ್ನ

ಪೇಂಟರ್ ಫೋನ್ ಮಾಡಿದ್ದ. ಅಕ್ಷರಕ್ಕೆ ಇಷ್ಟು ಎಂದು ದುಡ್ಡು ಕೇಳುತ್ತಾನೆ. ಹಾಗಾಗಿ ಕಾವೇರಿ ತೀರದವರ ಮಾತಿನಂತೆ 'ನಿಯಮಿತ' ಹೋಯಿತು. ಕೊನೆಯದು ಆಫ್‌ರೋಡ್. ನನಗೆ 'ಅಡ್ಡದಾರಿ' ಹೊಳೆಯಿತು.

—

ಕಾವೇರಿ ತೀರ

ಅಡ್ಡದಾರಿ ಹಿಡಿದವರ ಗಾಡಿಗಳಾ? ಪೊಲೀಸರಿಗೆ ಅನುಕೂಲ.

—

ಗ್ಯಾರೇಜ್ ಮಗ

ಹುಡುಗರು ಆಫ್‌ರೋಡ್ ಅಂತಲೇ ಅನ್ನುವುದು. ಹಾಗೇ ಬಿಡಿ.

—

ಎಲ್ಲರ ನುಡಿ

'ಕಾಡುದಾರಿ'. ಇಂಗ್ಲಿಶಿನವರು ದಾರಿ ಬಿಟ್ಟು ಎನ್ನುತ್ತಾರೆ. ನಮಗೆ ಎಲ್ಲಿ ನಡೆದರೂ ಅದು ದಾರಿಯೇ, ಮಣ್ಣಿನದೋ ಕಲ್ಲಿನದೋ ಅಶ್ಟೇ.

—

ಹಳಗನ್ನಡದ ಹುಚ್ಚ

ಈ ಒಂದು ಸಾಲಿಗೆ ನನ್ನ ಒಪ್ಪಿಗೆ ಇದೆ. ಕಾಗುಣಿತಕ್ಕೆ ಇಲ್ಲ. ಆದರೆ ಕಾಡುದಾರಿ ಬೇಡ, ಕಾಡಿನೊಳಗೆ ಗಾಡಿ ನುಗ್ಗಿಸಿ ಎಂದಂತಾಗುತ್ತದೆ. ಅರಣ್ಯ ಇಲಾಖೆಯವರು ಅಲ್ಲೇ ಪಕ್ಕದಲ್ಲಿದ್ದಾರೆ. 'ಮಣ್ಣುದಾರಿ' ಅನ್ನಿ. ಮೊದಲ ಪತ್ರದಲ್ಲಿ ನೀವೇ ಬರೆದಿದ್ದೀರಿ, ಸವಾರರೇ. ಪದ ಕೈಯಲ್ಲೇ ಇಟ್ಟುಕೊಂಡು ಊರೆಲ್ಲ ಹುಡುಕಿದ್ದೀರಿ.

—

ಘಾಟಿ ಸವಾರ, ಗುರುವಾರ ಸಂಜೆ

ಬೋರ್ಡು ಏರಿತು. ಹೀಗಿದೆ:

ಮಣ್ಣುದಾರಿ ಬೈಕುಗಳಿಗೆ
ಆಯಿಲ್ ಇಳಿಸಿ ಹಾಕುತ್ತೇವೆ
ಕಂಪನಿ ಆಯಿಲ್, ಕಡಿಮೆ ಕೂಲಿ

'ಇಳಿಸಿ ಹಾಕುವುದು' ಗ್ಯಾರೇಜ್ ಮಗನ ಅಪ್ಪನದು. ಗೆಳೆಯ ಓದಿ ಏನೂ ಹೇಳಲಿಲ್ಲ, ಪೇಂಟರಿಗೆ ಟೀ ತರಿಸಿದ. ಅಂದರೆ ಒಪ್ಪಿದ ಎಂದರ್ಥ. ಪೇಂಟರ್ ಮೊದಲು 'ಅಯಿಲ್' ಎಂದು ಬರೆದಿದ್ದ, ದೀರ್ಘ ಎಳೆಸಿದೆವು.

ಇನ್ನೊಂದು ಸಣ್ಣ ಬೋರ್ಡು ಬೇಕಂತೆ, ಇಳಿಸಿದ ಕರೀ ಆಯಿಲ್ ಇಡುವ ಡ್ರಮ್ಮಿನ ಮೇಲೆ. ಅದನ್ನು ಚರಂಡಿಗೆ ಬಿಡುವ ಹಾಗಿಲ್ಲ. 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಆದರೆ ಊರಿನವರು ಮರಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಚೊಂಬು ಹಿಡಿದು ಬರುತ್ತಾರೆ. ಅದಕ್ಕೆ ಏನೆನ್ನೋಣ? ವೇಸ್ಟ್ ಆಯಿಲ್ ಎಂದು ಎಲ್ಲರೂ ಅನ್ನುತ್ತಾರೆ.

—

ಹಳಗನ್ನಡದ ಹುಚ್ಚ, ಗುರುವಾರ ಸಂಜೆ

'ಕೂಲಿ' ಬಳಸಿದ್ದಕ್ಕೆ ಸಂತೋಷ. ಅದು ಅಪ್ಪಟ ನಮ್ಮದು. ಇಂಗ್ಲಿಷಿನವರೇ ನಮ್ಮಿಂದ ಸಾಲ ಪಡೆದರು.

—

ಕಾವೇರಿ ತೀರ

ನಮ್ಮಿಂದಲಾ, ತಮಿಳರಿಂದಲಾ? ಗುಜರಾತಿನ ಕೋಲಿ ಜನರ ಹೆಸರಿನಿಂದ ಬಂತು ಎನ್ನುವವರೂ ಇದ್ದಾರೆ.

—

ಹಳಗನ್ನಡದ ಹುಚ್ಚ

ಎನ್ನುವವರು ಎನ್ನಲಿ.

—

ಗ್ಯಾರೇಜ್ ಮಗ

ಕೂಲಿಗೆ ಬೇರೆ ಎಳೆ ತೆಗೆಯಿರಿ ಮಾರಾಯ್ರೇ. ಸವಾರರೇ, ಡ್ರಮ್ಮಿಗೆ 'ಹಳೇ ಆಯಿಲ್' ಸಾಕು. ಚೊಂಬಿನವರಿಗೂ ಅರ್ಥ ಆಗುತ್ತದೆ. ಮುಚ್ಚಳಕ್ಕೆ ಬೀಗ ಹಾಕಿಸಿ.